ಉದ್ದ ಪೋರ್ಟಿಗೆ, ದಪ್ಪ ಬೋರಿಗೆ: ಟೂ-ಸ್ಟ್ರೋಕ್ ಗಾಡಿಗೆ ಪೈಪ್ ಹೊಂದಿಸುವ ಬಗೆ

ಹೋದ ಕಾಫಿ ಕೊಯ್ಲಿನ ಹೊತ್ತಿಗೆ ಚಿಕ್ಕಮಗಳೂರು ಹತ್ತಿರದ ಆಲ್ದೂರು ಕಡೆಯ ಹುಡುಗನೊಬ್ಬ ಯಮಹಾ ಆರ್‌ಎಕ್ಸ್ 100 ತಂದು ನನ್ನ ಶೆಡ್ ಮುಂದೆ ನಿಲ್ಲಿಸಿದ. ಇಂಜಿನ್ ಮೇಲೆ ಆರ್‌ಎಕ್ಸ್ 135ರ ದೊಡ್ಡ ಬ್ಲಾಕ್ (ಸಿಲಿಂಡರ್) ಕೂತಿತ್ತು. ಪಕ್ಕದಲ್ಲಿ ಬೆಂಗಳೂರಿಂದ ತರಿಸಿದ ಪೈಪ್, ಅಂದರೆ ಹೊಗೆ ಹೋಗುವ ಕೊಳವೆ; ಚೇಂಬರ್ ಅಂತಲೂ ಅನ್ನುತ್ತಾರೆ. ಕುಂಬಳಕಾಯಿಯಂಥ ಹೊಟ್ಟೆ, ಮುಖ ನೋಡಿಕೊಳ್ಳುವಷ್ಟು ಹೊಳಪು.

"ಅಣ್ಣಾ, ಇಷ್ಟು ದುಡ್ಡು ಸುರಿದ್ರೂ ಗಾಡಿ ಮುಂಚಿಗಿಂತ ಸ್ಲೋ ಆಗಿದೆ. ಕೈಮರ ದಾಟಿ ಗುಡ್ಡ ಹತ್ತೋಕೆ ಫಸ್ಟ್ ಗೇರೇ ಬೇಕು. ಬ್ಲಾಕ್ ಸರಿ ಇಲ್ವಾ?"

ನಾನು ಒಂದು ನಟ್ಟೂ ಬಿಚ್ಚಲಿಲ್ಲ. ಟೇಪ್ ತಗೊಂಡು ಪೈಪ್ ಅಳೆದೆ. ಬ್ಲಾಕಿನ ಮುಖದಿಂದ, ಹೊಟ್ಟೆಯ ಹಿಂದೆ ಸಣ್ಣದಾಗುತ್ತಾ ಹೋಗುವ ಕೋನಿನ ನಡುವಿನವರೆಗೆ 730 ಎಂಎಂ. ಬ್ಲಾಕಿನ ಒಳಗಿನ ದಾರಿ ಒಂದು 40 ಎಂಎಂ ಸೇರಿಸಿದರೆ 770. ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಹಾಕಿ ತೋರಿಸಿದೆ. ಆ ಪೈಪ್ ಎಚ್ಚರ ಆಗುವುದೇ 9800 ಆರ್‌ಪಿಎಂ (ನಿಮಿಷಕ್ಕೆ ಇಂಜಿನ್ ಸುತ್ತು) ಹತ್ತಿರ. ಇವನ ಇಂಜಿನ್ ಅಲ್ಲಿಗೆ ಹೋಗುವುದೇ ಇಲ್ಲ. ಬ್ಲಾಕ್ ಸರಿಯಾಗಿತ್ತು. ಪೈಪೂ ಸರಿಯಾಗಿತ್ತು, ಬೇರೆ ಯಾರದೋ ಗಾಡಿಗೆ.

ಆ ಲೆಕ್ಕ ಹೇಗೆ, ಆಮೇಲೆ ಅವನಿಗೆ ಪೈಪ್ ಹೇಗೆ ಮಾಡಿಕೊಟ್ಟೆ ಅನ್ನುವುದನ್ನು ಬರೆಯುತ್ತೇನೆ. ಕ್ಯಾಲ್ಕುಲೇಟರ್, ತಗಡು ಕತ್ತರಿ, ಗ್ಯಾಸ್ ವೆಲ್ಡಿಂಗ್ ಇದ್ದರೆ ಸಾಕು. 100ರ ಕ್ರ್ಯಾಂಕ್‌ಕೇಸ್ ಮೇಲೆ 135ರ ಬ್ಲಾಕ್ ಕೂರಿಸುವ ಲೇತ್ ಕೆಲಸ ಬೇರೆ ಕತೆ, ಅದನ್ನು ಇಲ್ಲಿ ಎತ್ತುವುದಿಲ್ಲ.

ಮೊದಲು ಪೈಪ್ ಏನು ಮಾಡುತ್ತದೆ ಅಂತ ತಿಳಿದುಕೊಳ್ಳಿ. ಫೋರ್ ಸ್ಟ್ರೋಕಿನಲ್ಲಿ ಹೊಗೆ ಹೊರಗೆ ಹೋದರೆ ಮುಗಿಯಿತು, ವಾಲ್ವ್ ಬಾಗಿಲು ಹಾಕಿಕೊಳ್ಳುತ್ತದೆ. ಟೂ-ಸ್ಟ್ರೋಕಿನಲ್ಲಿ ಆ ವಾಲ್ವ್ ಇಲ್ಲ. ಹೊಸ ಗಾಳಿ-ಪೆಟ್ರೋಲ್ ಒಳಗೆ ಬರುವಾಗಲೂ ಹೊಗೆ ಹೋಗುವ ಬಾಗಿಲು ತೆಗೆದೇ ಇರುತ್ತದೆ. ಬಂದ ನೆಂಟರು ಹಿಂಬಾಗಿಲಿಂದ ಹೊರಟು ಹೋದ ಹಾಗೆ, ಒಂದಷ್ಟು ಪೆಟ್ರೋಲ್ ಉರಿಯದೇ ಸೈಲೆನ್ಸರಿಗೆ ಹೋಗುತ್ತದೆ. ಅದನ್ನು ಹಿಡಿದು ವಾಪಸ್ ಒಳಗೆ ತಳ್ಳುವುದೇ ಪೈಪಿನ ಕೆಲಸ.

ತಳ್ಳುವುದು ಯಾವುದು? ಸದ್ದು. ಬಾವಿಗೆ ಬಾಗಿ ಕೂಗಿದರೆ ಸದ್ದು ಕೆಳಗೆ ಹೋಗಿ ಬಡಿದು ವಾಪಸ್ ಬರುತ್ತದಲ್ವಾ, ಹಾಗೇ. ಎಕ್ಸಾಸ್ಟ್ ಪೋರ್ಟ್, ಅಂದರೆ ಹೊಗೆ ಹೋಗುವ ಬಾಗಿಲು, ತೆರೆದ ಕೂಡಲೇ ಒಂದು ಒತ್ತಡದ ಅಲೆ ಪೈಪಿನಲ್ಲಿ ಓಡುತ್ತದೆ. ಬಿಸಿ ಹೊಗೆಯಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 518 ಮೀಟರ್ ಅಂತ ಹಿಡಿಯುತ್ತೇವೆ. ಪೈಪ್ ಅಗಲ ಆಗುತ್ತಾ ಹೋಗುವ ಮುಂದಿನ ಕೋನಿನಲ್ಲಿ ಅಲೆ ತಲೆಕೆಳಗಾಗಿ ತಿರುಗುತ್ತದೆ, ಅಂದರೆ ಎಳೆತವಾಗಿ ಸಿಲಿಂಡರಿಗೆ ಬರುತ್ತದೆ. ಅದು ಉಳಿದ ಹೊಗೆಯನ್ನು ಹೀರಿ, ಟ್ರಾನ್ಸ್‌ಫರ್ ಪೋರ್ಟಿಂದ ಹೊಸ ಮಿಶ್ರಣವನ್ನೂ ಎಳೆಯುತ್ತದೆ. ಅಲೆಯ ಉಳಿದ ಭಾಗ ಹೊಟ್ಟೆ ದಾಟಿ, ಸಣ್ಣದಾಗುವ ಹಿಂದಿನ ಕೋನಿಗೆ ಬಡಿದು ಒತ್ತಡವಾಗಿಯೇ ವಾಪಸ್ ಬರುತ್ತದೆ. ಪೈಪಿಗೆ ಓಡಿಬಂದ ಪೆಟ್ರೋಲನ್ನು ಪೋರ್ಟ್ ಮುಚ್ಚುವ ಮುಂಚೆ ಒಳಗೆ ನೂಕುತ್ತದೆ. ಅಲೆ ಬೇಗ ಬಂದರೂ ಉಪಯೋಗ ಇಲ್ಲ, ತಡವಾಗಿ ಬಂದು ಮುಚ್ಚಿದ ಬಾಗಿಲಿಗೆ ಬಡಿದರೂ ಉಪಯೋಗ ಇಲ್ಲ.

ಇದನ್ನು ಪಳಗಿಸಿದ ಮನುಷ್ಯ ಪೂರ್ವ ಜರ್ಮನಿಯ ಎಂಜೆಡ್ ಕಂಪನಿಯ ವಾಲ್ಟರ್ ಕಾಡೆನ್. 1961ರ ಹೊತ್ತಿಗೆ ಅವನ 125 ಸಿಸಿ ರೇಸ್ ಇಂಜಿನ್ 25 ಹಾರ್ಸ್‌ಪವರ್ ಕೊಡುತ್ತಿತ್ತು. ಲೀಟರ್ ಲೆಕ್ಕದಲ್ಲಿ 200. ಅದೇ ವರ್ಷ ಅವರ ಸವಾರ ಅರ್ನ್ಸ್ಟ್ ಡೆಗ್ನರ್ ಸ್ವೀಡನ್ ರೇಸಿಗೆ ಹೋದವನು ವಾಪಸ್ ಬರಲೇ ಇಲ್ಲ. ಗುಟ್ಟನ್ನೆಲ್ಲ ಹೊತ್ತು ಸುಜುಕಿಗೆ ಸೇರಿ 1962ರಲ್ಲಿ 50 ಸಿಸಿ ವಿಶ್ವ ಚಾಂಪಿಯನ್ ಆದ. ಜಪಾನಿನ ಟೂ-ಸ್ಟ್ರೋಕ್ ಅಬ್ಬರ ಶುರುವಾದದ್ದು ಅಲ್ಲಿಂದ. ನಮ್ಮ ಹುಡುಗರು ಪ್ರಾಣ ಬಿಡುವ ಆರ್‌ಎಕ್ಸ್‌ನ ಆ ಸದ್ದಿಗೂ ಅಷ್ಟು ದೂರದ ನಂಟಿದೆ.

ಈಗ ಮುಖ್ಯ ಮಾತು. ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, ದೊಡ್ಡದಾಯಿತು ಅಂದ ಕೂಡಲೇ ಎಲ್ಲರೂ ಕೇಳುವುದು "ಎಷ್ಟು ದೊಡ್ಡ ಪೈಪ್ ಹಾಕಲಿ?" ಅಂತ. ಆ ಪ್ರಶ್ನೆಯೇ ತಪ್ಪು. ಪೈಪಿನ ಉದ್ದ ಕೇಳುವುದು ಪೋರ್ಟ್ ಎಷ್ಟು ಹೊತ್ತು ತೆರೆದಿರುತ್ತದೆ, ಇಂಜಿನ್ ಎಷ್ಟು ಆರ್‌ಪಿಎಂನಲ್ಲಿ ಓಡಬೇಕು, ಈ ಎರಡನ್ನೇ. ಬೋರಿನ ಹೆಸರೇ ಅಲ್ಲಿ ಬರುವುದಿಲ್ಲ. ಬೋರ್ ಕೇಳುವುದು ದಪ್ಪ. 100ರ ಬೋರ್ 50 ಎಂಎಂ, ಸ್ಟ್ರೋಕ್ (ಪಿಸ್ಟನ್ ಮೇಲೆ-ಕೆಳಗೆ ಓಡುವ ದೂರ) 50. 135ರ ಬೋರ್ 58, ಸ್ಟ್ರೋಕ್ ಅದೇ 50. ಹೊಗೆ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಆಯಿತು. 58ನ್ನು 50ರಿಂದ ಭಾಗಿಸಿದರೆ 1.16. ಪೋರ್ಟ್ ಟೈಮಿಂಗೂ ಆರ್‌ಪಿಎಂನೂ ಹಾಗೇ ಇದ್ದರೆ, ಹಳೇ ಪೈಪಿನ ಪ್ರತಿ ವ್ಯಾಸವನ್ನೂ 1.16ರಿಂದ ಗುಣಿಸಿ. ಉದ್ದ ಮುಟ್ಟಬೇಡಿ. ಅವಸರದಲ್ಲಿರುವವರಿಗೆ ಇಷ್ಟೇ ಸಾಕು.

ಆದರೆ ಟೈಮಿಂಗ್ ಹಾಗೇ ಇರುವುದಿಲ್ಲ. ಬ್ಲಾಕ್ ಬದಲಾದರೆ ಬದಲಾಗುತ್ತದೆ, ಬ್ಲಾಕಿನ ಬುಡಕ್ಕೆ ಎರಡು ಪ್ಯಾಕಿಂಗ್ ಹಾಕಿದರೂ ಬದಲಾಗುತ್ತದೆ. ಯಾರೋ ಫೈಲ್ ಹಿಡಿದು ಪೋರ್ಟ್ ಎತ್ತರಿಸಿದ್ದರಂತೂ ಕೇಳಲೇಬೇಡಿ. ಹಾಗಾಗಿ ಅಳೆಯಿರಿ.

ಅಳೆಯುವುದು ಸುಲಭ. 360 ಡಿಗ್ರಿಯ ಚಕ್ರವನ್ನು ಕಾಗದದ ಮೇಲೆ ಪ್ರಿಂಟ್ ಹಾಕಿಸಿ ಹಳೇ ಸಿಡಿಗೆ ಅಂಟಿಸಿ. ಮ್ಯಾಗ್ನೆಟ್ ಕವರ್ ಬಿಚ್ಚಿ, ನಡುವಿನ ನಟ್ಟಿಗೆ ಆ ಸಿಡಿ ಕೂರಿಸಿ. ಕವರಿನ ಒಂದು ಸ್ಕ್ರೂಗೆ ಕಟ್ಟುಕಂಬಿ ಸುತ್ತಿ, ಅದರ ತುದಿ ಮುಳ್ಳಿನ ಹಾಗೆ ಚಕ್ರದ ಅಂಚಿಗೆ ಬರಲಿ. ಪ್ಲಗ್ ಬಿಚ್ಚಿ, ಬ್ಲಾಕಿಗೆ ಸೇರುವ ಮುಂದಿನ ಕೊಳವೆ, ಬೆಂಡ್ ಪೈಪ್, ಬಿಚ್ಚಿ. ಎಕ್ಸಾಸ್ಟ್ ಪೋರ್ಟಿಗೆ ಟಾರ್ಚ್ ಹಿಡಿದು ಇಂಜಿನನ್ನು ಸ್ಪ್ಯಾನರಿನಲ್ಲಿ ನಿಧಾನಕ್ಕೆ ತಿರುಗಿಸಿ. ಪಿಸ್ಟನ್ ಕೆಳಗೆ ಇಳಿಯುತ್ತಾ ಪೋರ್ಟಿನ ಮೇಲಂಚಿನಲ್ಲಿ ಕೂದಲೆಳೆಯಷ್ಟು ಸಂದಿ ಕಂಡಾಗ ನಿಲ್ಲಿಸಿ ಅಂಕಿ ಬರೆದುಕೊಳ್ಳಿ. ಅದೇ ದಿಕ್ಕಿನಲ್ಲಿ ಮುಂದುವರಿಸಿ. ಪಿಸ್ಟನ್ ಕೆಳಗೆ ಹೋಗಿ ಮೇಲೆ ಬಂದು ಆ ಸಂದಿ ಮುಚ್ಚಿದಾಗ ಮತ್ತೆ ಅಂಕಿ ಬರೆಯಿರಿ. ಎರಡರ ನಡುವಿನ ಡಿಗ್ರಿಯೇ ನಿಮಗೆ ಬೇಕಾದದ್ದು. ಈ ಅಳತೆಗೆ ಟಿಡಿಸಿ (ಪಿಸ್ಟನ್ ತೀರಾ ಮೇಲಿರುವ ಜಾಗ) ಹುಡುಕುವ ಗೋಜೂ ಇಲ್ಲ. ಮೂರು ಸಲ ಮಾಡಿ, ಮೂರೂ ಸಲ ಒಂದೇ ಬರಬೇಕು. ನನಗೆ ಆ ಹುಡುಗನ ಬ್ಲಾಕಿನಲ್ಲಿ 175 ಬಂತು.

ಹೆಡ್, ಬೇಸ್ ಪ್ಯಾಕಿಂಗ್ ಎಲ್ಲಾ ಕೊನೆಯದಾಗಿ ಕೂರಿಸಿದ ಮೇಲೇ ಅಳೆಯಿರಿ. ಅಳೆದಾದ ಮೇಲೆ ಪ್ಯಾಕಿಂಗ್ ಬದಲಿಸಿ, "ನಿಮ್ಮ ಲೆಕ್ಕ ಸುಳ್ಳು" ಅಂತ ಬಂದವರನ್ನು ನೋಡಿದ್ದೇನೆ.

ಆಮೇಲೆ ಆರ್‌ಪಿಎಂ. ಇಲ್ಲಿ ಲೆಕ್ಕ ಅಲ್ಲ, ಪ್ರಾಮಾಣಿಕತೆ ಬೇಕು. ಕಂಪನಿಯ ಆರ್‌ಎಕ್ಸ್ 100 ತನ್ನ 11 ಹಾರ್ಸ್‌ಪವರ್ ಕೊಡುತ್ತಿದ್ದದ್ದು 7500ರಲ್ಲಿ. ಎಲ್ಲರಿಗೂ ಬಾಯಲ್ಲಿ 10,000 ಬೇಕು. ಆದರೆ ನಾವಿರುವ ಊರು ಯಾವುದು? ಗಿರಿ ರಸ್ತೆಯ ತಿರುವಿನಲ್ಲಿ ಗಾಡಿ ನಿಂತೇ ಹೋಗುವಷ್ಟು ನಿಧಾನ ಆಗುತ್ತದೆ, ಅಲ್ಲಿಂದ ಎತ್ತಬೇಕು. ತೋಟದ ಮಣ್ಣು ರಸ್ತೆಯಲ್ಲಿ ಸೆಕೆಂಡ್ ಗೇರ್ ಬಿಟ್ಟು ಮೇಲೆ ಹೋಗುವುದೇ ಅಪರೂಪ. ಪವರ್ ಎಲ್ಲಾ ತುದಿಗೆ ಹೋಗಿ ಕೂತರೆ ಕೆಳಗೆ ಖಾಲಿ. ಅದರಲ್ಲೂ 100ರದ್ದು ನಾಲ್ಕೇ ಗೇರ್. ಗೇರ್ ಬದಲಿಸಿದಾಗ ಆರ್‌ಪಿಎಂ ದಪ್ಪನೆ ಕೆಳಗೆ ಬೀಳುತ್ತದೆ. ಬಿದ್ದ ಜಾಗದಲ್ಲೂ ಪೈಪ್ ಕೆಲಸ ಮಾಡುತ್ತಿರಬೇಕು. ಐದು ಗೇರಿನ 135 ಇದ್ದರೆ ಸ್ವಲ್ಪ ಧೈರ್ಯ ಮಾಡಬಹುದು. ಹುಡುಗನಿಗೆ ವರ್ಷಕ್ಕೆ ಎರಡು ಸಲ ಮಣ್ಣಿನ ಟ್ರ್ಯಾಕ್ ರೇಸ್ ಆಸೆ. ಜಗಳ ಆಡಿ, ಕೊನೆಗೆ 8000ಕ್ಕೆ ಒಪ್ಪಿಸಿದೆ.

ಈಗ ಲೆಕ್ಕ. 43180 ಅನ್ನುವ ಅಂಕಿ ನೆನಪಿಟ್ಟುಕೊಳ್ಳಿ. ಅದನ್ನು ಪೋರ್ಟ್ ಡಿಗ್ರಿಯಿಂದ ಗುಣಿಸಿ, ಆರ್‌ಪಿಎಂನಿಂದ ಭಾಗಿಸಿ. ಬರುವುದು ಎಂಎಂನಲ್ಲಿ ಉದ್ದ. ಆ ಅಂಕಿ ಆಕಾಶದಿಂದ ಬಿದ್ದದ್ದಲ್ಲ, ಅಲೆಯ ವೇಗವನ್ನೇ ಎಂಎಂಗೆ ತಿರುಗಿಸಿ, ಹೋಗಿ-ಬರುವ ದಾರಿಗೆ ಅರ್ಧ ಮಾಡಿ, ಆರ್‌ಪಿಎಂ ಲೆಕ್ಕವನ್ನು ಸೆಕೆಂಡಿನ ಡಿಗ್ರಿಗೆ ತರಲು 6ರಿಂದ ಭಾಗಿಸಿದ್ದು. 43180 ಗುಣಿಸು 175, ಭಾಗಿಸು 8000. ಉತ್ತರ 945 ಎಂಎಂ. ಇದನ್ನು ಪಿಸ್ಟನ್ ಮುಖದಿಂದ ಹಿಂದಿನ ಕೋನಿನ ಸುಮಾರು ನಡುವಿನವರೆಗೆ, ಪೈಪಿನ ನಡುಗೆರೆಯ ಮೇಲೆ ಅಳೆಯಬೇಕು. ಪೈಪಿನ ಕೊನೆಯವರೆಗೆ ಅಲ್ಲ. ಇಲ್ಲೇ ಹತ್ತರಲ್ಲಿ ಎಂಟು ಜನ ಎಡವುವುದು.

ದಪ್ಪಕ್ಕೆ ಬನ್ನಿ. ಬ್ಲಾಕಿನ ಎಕ್ಸಾಸ್ಟ್ ಬಾಯಿಗಿಂತ ಬೆಂಡ್ ಪೈಪಿನ ಒಳಗಿನ ಜಾಗ ಶೇಕಡಾ 10ರಿಂದ 15 ಜಾಸ್ತಿ ಇರಲಿ. ನಮಗೆ 38 ಎಂಎಂ ಒಳವ್ಯಾಸ ಕೂಡಿಬಂತು. ಬೆಂಡಿನ ಉದ್ದ ಅದರ ವ್ಯಾಸದ 6ರಿಂದ 8 ಪಟ್ಟು ಇಟ್ಟರೆ ತುದಿಯ ಪವರ್, 11 ಪಟ್ಟಿನವರೆಗೆ ಹೋದರೆ ಹರಡಿದ ಪಿಕಪ್. 8 ಪಟ್ಟು ತಗೊಂಡೆ, 304. ಇದರಲ್ಲಿ ಬ್ಲಾಕಿನ ಒಳಗಿನ 40 ಕಳೆಯಬೇಕು, ತಗಡಿನಲ್ಲಿ ಮಾಡುವುದು 264. ಹೊಟ್ಟೆಯ ವ್ಯಾಸ ಬೆಂಡಿನ ಎರಡೂವರೆ ಪಟ್ಟು, 95 ಎಂಎಂ. ಮುಂದಿನ ಕೋನ್ 8 ಡಿಗ್ರಿ ಅಗಲ ಆಗಲಿ, ಅಂದರೆ ಒಂದೊಂದು ಕಡೆಗೆ 4. ಆಗ 38ರಿಂದ 95ಕ್ಕೆ ಹೋಗಲು 408 ಎಂಎಂ ಉದ್ದ ಬೇಕು. ಹಿಂದಿನ ಕೋನ್ ಅದರ ಎರಡರಷ್ಟು ಕಡಿದು, 16 ಡಿಗ್ರಿ. 95ರಿಂದ 23ಕ್ಕೆ ಇಳಿಯಲು 256 ಎಂಎಂ. ಅದರ ಅರ್ಧ 128.

304, 408, 128 ಕೂಡಿಸಿದರೆ 840. ನಮಗೆ ಬೇಕಾದದ್ದು 945. ಉಳಿದ 105 ಎಂಎಂ ನೇರ ಹೊಟ್ಟೆ. ಲೆಕ್ಕ ಹೀಗೆ ತಾನಾಗಿ ಕೂತರೆ ಖುಷಿ. ಕೆಲವು ಸಲ ಹೊಟ್ಟೆಗೆ ಮೈನಸ್ ಬರುತ್ತದೆ. ಆಗ ಬೆಂಡ್ ಸ್ವಲ್ಪ ಗಿಡ್ಡ ಮಾಡಿ, ಇಲ್ಲವೇ ಮುಂದಿನ ಕೋನನ್ನು 9 ಡಿಗ್ರಿಗೆ ಏರಿಸಿ. ಕೋನ್ ಕಡಿದಾದಷ್ಟೂ ಅಲೆ ಜೋರು, ಆದರೆ ಕೆಲಸ ಮಾಡುವ ಆರ್‌ಪಿಎಂ ಅಗಲ ಕಮ್ಮಿ. ಗುಡ್ಡದ ಸವಾರಿಗೆ ಸಪಾಟಾದ ಕೋನೇ ಮೇಲು.

ಕೊನೆಯ ಬಾಲದ ಕೊಳವೆ, ಸ್ಟಿಂಗರ್ ಅನ್ನುತ್ತಾರಲ್ಲ, ಅದರ ವ್ಯಾಸ ಬೆಂಡಿನ 0.58ರಿಂದ 0.62ರಷ್ಟು. ನಮಗೆ 23 ಎಂಎಂ. ಉದ್ದ ಅದರ 12 ಪಟ್ಟು, 276. ಇಡೀ ಪೈಪಿನಲ್ಲಿ ಇಂಜಿನ್ ಕೊಲ್ಲುವ ಜಾಗ ಇದೊಂದೇ. ಬೋರ್ ದೊಡ್ಡದು ಮಾಡಿಸಿ, ಹಳೇ ಪೈಪಿನ ಹಳೇ ಬಾಲವನ್ನೇ ಬಿಟ್ಟರೆ ಬಿಸಿ ಹೊರಗೆ ಹೋಗುವುದಿಲ್ಲ. ಮೊದಮೊದಲು ಪಿಕಪ್ ಜಾಸ್ತಿ ಅನ್ನಿಸುತ್ತದೆ. ಆಮೇಲೆ ಪಿಸ್ಟನ್ ತಲೆ ಸುಟ್ಟು ತೂತಾಗುತ್ತದೆ. ತೀರಾ ದೊಡ್ಡದು ಮಾಡಿದರೆ ಪವರ್ ಹೋಗುತ್ತದೆ ಅಷ್ಟೇ, ಇಂಜಿನ್ ಸಾಯುವುದಿಲ್ಲ. ಹಾಗಾಗಿ ಮೊದಲು ಒಂದೆರಡು ಎಂಎಂ ದೊಡ್ಡದೇ ಇಡಿ. ಆಮೇಲೆ ಒಳಗೆ ತೆಳು ಬುಷ್ ತೂರಿಸಿ ಒಂದೊಂದೇ ಎಂಎಂ ಇಳಿಸುತ್ತಾ ಬನ್ನಿ. ಸಣ್ಣದರಿಂದ ಶುರು ಮಾಡಿ ದೊಡ್ಡದಕ್ಕೆ ಹೋಗಬೇಡಿ.

ಈಗ ಕೈಕೆಲಸ. ನನಗೆ ಇಷ್ಟದ ಭಾಗ.

ತಗಡು 20 ಗೇಜಿನ ಸಿಆರ್ ಶೀಟ್ ಸಾಕು. 18 ಗೇಜ್ ಗಟ್ಟಿ, ಆದರೆ ಕೈಯಲ್ಲಿ ಸುತ್ತಲು ಜೀವ ಹೋಗುತ್ತದೆ. ಕೋನನ್ನು ಬಿಚ್ಚಿ ಹಾಸಿದರೆ ಬೀಸಣಿಗೆ ಆಕಾರ ಬರುತ್ತದೆ. ಮುಂದಿನ ಕೋನಿಗೆ ಬೀಸಣಿಗೆಯ ಹೊರ ಕಮಾನು 681 ಎಂಎಂ ತ್ರಿಜ್ಯ, ಒಳ ಕಮಾನು 272, ಬಿಚ್ಚಿಕೊಳ್ಳುವ ಕೋನ 25 ಡಿಗ್ರಿ. ಹಿಂದಿನದಕ್ಕೆ ಹೊರಗೆ 341, ಒಳಗೆ 83, ಕೋನ 50 ಡಿಗ್ರಿ. ಅಷ್ಟು ದೊಡ್ಡ ಕಂಪಾಸ್ ಎಲ್ಲಿ ಸಿಗುತ್ತದೆ? ಹಲಗೆಗೆ ಒಂದು ಮೊಳೆ, ಅದಕ್ಕೆ ಕಟ್ಟುಕಂಬಿ, ಕಂಬಿಯ ತುದಿಗೆ ಗೀರುಮೊಳೆ. ದಾರ ಬೇಡ, ದಾರ ಎಳೆಯುತ್ತದೆ. ಮೊದಲು ರಟ್ಟಿನಲ್ಲಿ ಕತ್ತರಿಸಿ ಸುತ್ತಿ ನೋಡಿ. ಎರಡೂ ಬಾಯಿ ಅಳತೆಗೆ ಬಂದರೆ ಮಾತ್ರ ತಗಡಿಗೆ ಕೈ ಹಾಕಿ.

ಕತ್ತರಿಸಿದ ತಗಡಿನ ಮೇಲೆ ಮೊಳೆಯ ಜಾಗದಿಂದ ಹೊರಗಿನ ಕಮಾನಿಗೆ ನೇರ ಗೆರೆಗಳನ್ನು ಎಳೆಯಿರಿ, ಅಗಲದ ಕಡೆ ಒಂದೊಂದು ಇಂಚಿಗೆ ಒಂದರಂತೆ. ಬೆಂಚ್ ವೈಸಿಗೆ ಒಂದಿಂಚಿನ ಜಿಐ ಪೈಪ್ ಅಡ್ಡ ಕಚ್ಚಿಸಿ. ತಗಡನ್ನು ಅದರ ಮೇಲಿಟ್ಟು, ಮರದ ಕೊಡತಿಯಲ್ಲಿ ಆ ಗೆರೆಗಳ ಉದ್ದಕ್ಕೂ ಮೆಲ್ಲಗೆ ಬಡಿಯಿರಿ. ಎರಡೂ ಅಂಚಿನಿಂದ ಶುರು ಮಾಡಿ ನಡುವಿಗೆ ಬನ್ನಿ. ಒಂದೇ ಕಡೆಯಿಂದ ಹೋದರೆ ಕೋನ್ ಜಿಲೇಬಿ ಥರ ತಿರುಚಿಕೊಳ್ಳುತ್ತದೆ. ಕಬ್ಬಿಣದ ಸುತ್ತಿಗೆ ಬೇಡ, ತಗಡಿಗೆ ಗುಳಿ ಬೀಳುತ್ತದೆ. ನನ್ನ ಕೊಡತಿ ಕಾಫಿ ಗಿಡದ ಬೊಡ್ಡೆಯಿಂದ ಮಾಡಿದ್ದು. ಹದಿನೈದು ವರ್ಷ ಆಯಿತು, ಇನ್ನೂ ಸೀಳಿಲ್ಲ.

ಅಂಚಿಗೆ ಅಂಚು ಕೂಡಿಸಿ ಗ್ಯಾಸಿನಲ್ಲಿ ಇಂಚಿಗೊಂದು ಟ್ಯಾಕ್ (ಚುಕ್ಕಿ ವೆಲ್ಡ್) ಹಾಕಿ, ಆಮೇಲೆ ಪೂರ್ತಿ ಎಳೆಯಿರಿ. ಒಂದರ ಮೇಲೊಂದು ಹತ್ತಿಸಿ ವೆಲ್ಡ್ ಮಾಡಿದರೆ ಒಳಗೆ ಮೆಟ್ಟಿಲು ಉಳಿಯುತ್ತದೆ.

ಪೈಪ್ ನೇರ ಇದ್ದರೆ ಗಾಡಿಗೆ ಹೊಂದುವುದಿಲ್ಲವಲ್ಲ. ಬಗ್ಗಿಸಲು ಒಂದು ಉಪಾಯ ಇದೆ. ಕೋನನ್ನು ಓರೆಯಾಗಿ ಕತ್ತರಿಸಿ, ಒಂದು ತುಂಡನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಕೂಡಿಸಿ. ಎರಡು ಬಾಯಿಯೂ ಒಂದೇ ಮೊಟ್ಟೆ ಆಕಾರ, ಸರಿಯಾಗಿ ಕೂರುತ್ತವೆ. ಪೈಪ್ ಬಾಗಿರುತ್ತದೆ, ನಡುಗೆರೆಯ ಉದ್ದ ಕೆಡುವುದಿಲ್ಲ. ಇಂಥ ಮೂರು-ನಾಲ್ಕು ಓರೆ ಕಟ್ಟಿನಲ್ಲಿ ಪೈಪ್ ಕ್ರ್ಯಾಂಕ್‌ಕೇಸ್ ಕೆಳಗೆ ನುಸುಳಿ ಹಿಂದಕ್ಕೆ ಹೋಗುತ್ತದೆ. ಟ್ಯಾಕ್ ಹಾಕಿದ ಮೇಲೆ ಗಾಡಿಗೆ ಕಟ್ಟಿ ಕಿಕ್ ಒದ್ದು ನೋಡಿ. ಹಿಂದೆ ಒಬ್ಬರನ್ನು ಕೂರಿಸಿ, ಹ್ಯಾಂಡಲ್ ಪೂರ್ತಿ ತಿರುಗಿಸಿ, ಶಾಕ್ ಒತ್ತಿ ನೋಡಿ. ಎಲ್ಲೂ ತಾಗದಿದ್ದರೆ ಮಾತ್ರ ಪೂರ್ತಿ ವೆಲ್ಡ್.

ಹಿಂದಿನ ಹಿಡಿಕೆಗೆ ರಬ್ಬರ್ ಬುಷ್ ಹಾಕಿ, ಬಿಗಿದು ಕಟ್ಟಬೇಡಿ. ಬಿಗಿದರೆ ತಿಂಗಳೊಳಗೆ ಬೆಂಡಿನ ಬುಡದಲ್ಲಿ ಬಿರುಕು. ಬ್ಲಾಕಿನ ಬಾಯಿಯಲ್ಲಿ ಪ್ಯಾಕಿಂಗ್ ಹೊಸದಿರಲಿ. ಅಲ್ಲಿ ಹೊಗೆ ಸೋರಿದರೆ ಅಲೆಯೂ ಸೋರುತ್ತದೆ, ಮಾಡಿದ ಲೆಕ್ಕವೆಲ್ಲ ನೀರು ಪಾಲು.

ಹೊಸ ಪೈಪ್ ಹಾಕಿದ ಮೇಲೆ ಹಳೇ ಜೆಟ್ಟಿನಲ್ಲಿ (ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಬಿಡುವ ಸಣ್ಣ ತೂತಿನ ತಿರುಪು) ಗಾಡಿ ಓಡಿಸಬೇಡಿ. ಪೈಪ್ ಜಾಸ್ತಿ ಗಾಳಿ ಎಳೆಯುತ್ತದೆ, ಪೆಟ್ರೋಲೂ ಜಾಸ್ತಿ ಬೇಕು. ನಾಲ್ಕೈದು ಸೈಜ್ ದೊಡ್ಡ ಮೇನ್ ಜೆಟ್ಟಿಂದ ಶುರು ಮಾಡಿ. ಗಾಡಿ ಗೊರಗೊರ ಅಂದು, ಹೊಗೆ ಕಕ್ಕಿ, ಮೇಲೆ ಹೋಗಲ್ಲ ಅನ್ನಬೇಕು. ಅಲ್ಲಿಂದ ಒಂದೊಂದೇ ಸೈಜ್ ಇಳಿಸಿ. ಪ್ರತಿ ಸಲವೂ ಖಾಲಿ ನೇರ ಜಾಗದಲ್ಲಿ ಥರ್ಡ್ ಗೇರಿನಲ್ಲಿ ಫುಲ್ ಥ್ರಾಟಲ್ ಕೊಟ್ಟು, ಅದೇ ಸ್ಪೀಡಿನಲ್ಲಿ ಕ್ಲಚ್ ಹಿಡಿದು ಇಂಜಿನ್ ಆಫ್ ಮಾಡಿ, ಪ್ಲಗ್ ಬಿಚ್ಚಿ ನೋಡಿ. ಐಡ್ಲಿಂಗಿನಲ್ಲಿ ಮನೆವರೆಗೆ ಬಂದು ಬಿಚ್ಚಿದ ಪ್ಲಗ್ ಏನೂ ಹೇಳುವುದಿಲ್ಲ. ಬಣ್ಣ ಹೇಗಿರಬೇಕು ಅಂದರೆ, ನಮ್ಮೂರಿನವರಿಗೆ ಹೇಳುವುದು ಸುಲಭ: ಹದವಾಗಿ ಹುರಿದ ಕಾಫಿ ಪುಡಿ. ಕರಿ ಒದ್ದೆ ಇದ್ದರೆ ಪೆಟ್ರೋಲ್ ಜಾಸ್ತಿ. ಬಿಳಿ ಬೂದಿ ಥರ ಇದ್ದರೆ ಅಲ್ಲೇ ಗಾಡಿ ನಿಲ್ಲಿಸಿ, ತಳ್ಳಿಕೊಂಡು ಬನ್ನಿ.

ಇದು ನಾನು ದುಡ್ಡು ಕೊಟ್ಟು ಕಲಿತ ಪಾಠ. ವಯಸ್ಸು ಇಪ್ಪತ್ತಮೂರು, ತಲೆಯಲ್ಲಿ ಗಾಳಿ. ನನ್ನ 135ಕ್ಕೆ ಪೈಪ್ ಹಾಕಿ, ಬಾಬಾಬುಡನ್‌ಗಿರಿ ರಸ್ತೆಯಲ್ಲೇ ಎರಡು ದಿನ ಓಡಾಡಿ ಜೆಟ್ ಹೊಂದಿಸಿದೆ. ಪ್ಲಗ್ ನೋಡಿದರೆ ಕಾಫಿ ಪುಡಿ ಬಣ್ಣ, ಚಿನ್ನದಂಥ ಕೆಲಸ. ಮೂರನೇ ದಿನ ಗೆಳೆಯನ ಮದುವೆಗೆ ಅಂತ ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿದೆ. ಘಾಟಿಯಲ್ಲಿ ಥ್ರಾಟಲ್ ಮುಚ್ಚಿ ಇಂಜಿನ್ ಬ್ರೇಕಿನಲ್ಲೇ ಇಳಿದೆ. ಕೆಳಗೆ ಉಜಿರೆ ಹತ್ತಿರ ನೇರ ರಸ್ತೆ ಸಿಕ್ಕಿತು, ಪೂರ್ತಿ ತಿರುಗಿಸಿದೆ. ಒಂದು ಕಿಲೋಮೀಟರ್ ಹಾರಿತು. ಆಮೇಲೆ ಕಿರ್ರ್ ಅಂತ ಒಂದು ಸದ್ದು, ಹಿಂದಿನ ಚಕ್ರ ಜಾಮ್. ಕ್ಲಚ್ ಮೇಲೆ ಎರಡು ಬೆರಳು ಇದ್ದದ್ದರಿಂದ ಉಳಿದೆ.

ಆಗಿದ್ದು ಇಷ್ಟು. ಮುಳ್ಳಯ್ಯನಗಿರಿ ತುದಿ 1930 ಮೀಟರ್, ಗಿರಿ ರಸ್ತೆಯೂ ಅದಕ್ಕಿಂತ ತೀರಾ ಕೆಳಗಿಲ್ಲ. ಅಲ್ಲಿ ಗಾಳಿ ತೆಳು. ಚಿಕ್ಕಮಗಳೂರು ಪೇಟೆಯೇ ಸಾವಿರ ಮೀಟರ್ ಮೇಲಿದೆ, ಇಲ್ಲೇ ಗಾಳಿ ಕರಾವಳಿಗಿಂತ ಹತ್ತಕ್ಕೆ ಒಂದು ಪಾಲು ಕಮ್ಮಿ. ತೆಳು ಗಾಳಿಗೆ ಹೊಂದಿಸಿದ ಸಣ್ಣ ಜೆಟ್ ಕೆಳಗಿನ ದಪ್ಪ ಗಾಳಿಗೆ ಸಾಲಲಿಲ್ಲ. ಪೆಟ್ರೋಲ್ ಕಮ್ಮಿ, ಬಿಸಿ ಜಾಸ್ತಿ. ಮೇಲಿಂದ ಘಾಟಿ ಇಳಿಯುವಾಗ ಥ್ರಾಟಲ್ ಮುಚ್ಚಿದ್ದರಿಂದ ಪಿಸ್ಟನ್ನಿಗೆ ಎಣ್ಣೆಯೂ ಸರಿಯಾಗಿ ಹೋಗಿರಲಿಲ್ಲ. ಈಗ ನಾನು ಯಾರಿಗೇ ಪೈಪ್ ಮಾಡಿಕೊಟ್ಟರೂ ಎರಡು ಜೆಟ್ ಕೊಡುತ್ತೇನೆ, ಮೇಲಿಗೊಂದು, ಕೆಳಗೊಂದು. ಶಿರಾಡಿ ಇರಲಿ ಚಾರ್ಮಾಡಿ ಇರಲಿ, ಇಳಿಯುವಾಗ ಆಗಾಗ ಕ್ಲಚ್ ಹಿಡಿದು ಸ್ವಲ್ಪ ಥ್ರಾಟಲ್ ಕೊಡಿ ಅಂತಲೂ ಹೇಳುತ್ತೇನೆ. ಆಯಿಲ್ ಪಂಪ್ ಕಿತ್ತು ಹಾಕಿದವರು ಲೀಟರ್ ಪೆಟ್ರೋಲಿಗೆ 30 ಎಂಎಲ್ ಟು-ಟಿ ಆಯಿಲ್ ಬೆರೆಸಿ. ಜಿಪುಣತನ ಬೇಡ.

ಹೀಗೆ ಪಿಸ್ಟನ್ ಕಚ್ಚಿಕೊಂಡು ಸೀಜ್ ಆಗಿದ್ದಕ್ಕೆ ಎಲ್ಲಾ ಸಲ ಪೈಪನ್ನೇ ಬೈಯಬೇಡಿ. ಕ್ರ್ಯಾಂಕ್ ಸೀಲ್ ಹಳೆಯದಾಗಿ ಗಾಳಿ ಎಳೆಯುತ್ತಿದ್ದರೂ ಇದೇ ಗತಿ. ದೊಡ್ಡ ಬ್ಲಾಕ್ ಹಾಕುವಾಗ ಹೇಗೂ ಇಂಜಿನ್ ಬಿಚ್ಚಿರುತ್ತೀರಿ, ಎರಡೂ ಸೀಲ್ ಬದಲಿಸಿಬಿಡಿ.

ಪೈಪ್ ಹಾಕಿದ ಮೇಲೆ ಪವರ್ ಸ್ವಲ್ಪ ಮೇಲೆ ಬರುತ್ತಿದೆ ಅನ್ನಿಸಿದರೆ ಇಡೀ ಪೈಪ್ ಬಿಸಾಡಬೇಕಿಲ್ಲ. ಬೆಂಡಿಗೆ 10 ಎಂಎಂ ಉಂಗುರ ಸೇರಿಸಿದರೆ ತುದಿ ಸುಮಾರು 85 ಆರ್‌ಪಿಎಂ ಕೆಳಗೆ ಬರುತ್ತದೆ. ಮೂರು ಉಂಗುರ ಹಾಕಿದರೆ ಸೀಟಿನಲ್ಲೇ ಗೊತ್ತಾಗುತ್ತದೆ. ಕತ್ತರಿಸುವುದು ಸುಲಭ, ಸೇರಿಸುವುದು ಕಷ್ಟ. ಅದಕ್ಕೇ ನಾನು ಬೆಂಡನ್ನು ಯಾವಾಗಲೂ 20 ಎಂಎಂ ಉದ್ದವೇ ಬಿಟ್ಟಿರುತ್ತೇನೆ.

ಇನ್ನು ದೊಡ್ಡ ಗಾಡಿಗಳವರು ಕೇಳುತ್ತಾರೆ. ರಾಜ್‌ದೂತ್ 350 ಅಂದರೆ 347 ಸಿಸಿ, ಆದರೆ ಸಿಲಿಂಡರ್ ಎರಡು, ಪೈಪ್ ಎರಡು. ಒಂದು ಪೈಪಿಗೆ 173 ಸಿಸಿ ಚಿಲ್ಲರೆ ಅಂತ ಲೆಕ್ಕ ಹಾಕಿ. 350ಕ್ಕೆ ಅಂತ ಹೊಟ್ಟೆ ಊದಿಸಬೇಡಿ. ಹಳೇ ಯೆಜ್ಡಿ ಅದರ ತಿರುಗುಮುರುಗು: ಸಿಲಿಂಡರ್ ಒಂದು, ಸೈಲೆನ್ಸರ್ ಎರಡು. ನಮ್ಮಪ್ಪ ಮೈಸೂರಿನ ಆ ಗಾಡಿಗಳನ್ನೇ ನಂಬಿ ಬದುಕಿದವರು. 65 ಬೋರ್, 75 ಸ್ಟ್ರೋಕ್, ಕುದುರೆಯಲ್ಲ ಎತ್ತು. ಪೋರ್ಟ್ 150 ಡಿಗ್ರಿ, ಓಟ 5000 ಆರ್‌ಪಿಎಂ ಅಂತ ಇಟ್ಟುಕೊಂಡರೂ ಉದ್ದ 1295 ಎಂಎಂ ಬರುತ್ತದೆ. ಅಷ್ಟುದ್ದದ ಚೇಂಬರ್ ಎರಡು ಕಟ್ಟಿದರೆ ಗಾಡಿ ನಾದಸ್ವರ ಹೊತ್ತುಕೊಂಡ ಹಾಗೆ ಕಾಣುತ್ತದೆ. ಅದರ ಕಂಪನಿ ಸೈಲೆನ್ಸರಿನ ಕರಿ ತೆಗೆದು ಹಾಗೇ ಬಿಡಿ, ಚೆಂದ ಓಡುತ್ತದೆ.

ಸದ್ದಿನ ವಿಷಯ. ಬಾಲದ ತುದಿಗೆ ಗ್ಲಾಸ್ ವುಲ್ ತುಂಬಿದ ಸಣ್ಣ ಸೈಲೆನ್ಸರ್ ಕಡ್ಡಾಯ ಹಾಕಿ. ಒಳಗಿನ ತೂತಿನ ಕೊಳವೆ ಬಾಲಕ್ಕಿಂತ ಸ್ವಲ್ಪ ಅಗಲ ಇದ್ದರೆ ಪವರಿಗೆ ಏನೂ ಆಗುವುದಿಲ್ಲ. ಅಷ್ಟಾದರೂ ಇದು ರಸ್ತೆಗಲ್ಲ. ಕಂಪನಿ ಕೊಟ್ಟ ರೂಪ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ಪೊಲೀಸರು ಹಿಡಿದ ಸೈಲೆನ್ಸರ್‌ಗಳನ್ನು ಸಾಲಾಗಿಟ್ಟು ರೋಡ್ ರೋಲರ್ ಹತ್ತಿಸುವುದನ್ನು ಎಲ್ಲರೂ ನೋಡಿದ್ದೀರಿ. ಟ್ರ್ಯಾಕಿಗೆ, ಸ್ವಂತ ತೋಟಕ್ಕೆ ಸರಿ. ಗಾಡಿಯನ್ನು ಪಿಕಪ್ಪಿನಲ್ಲಿ ಹಾಕಿಕೊಂಡು ಹೋಗಿ. ಇನ್ನೊಂದು ಮಾತು, ಇದು ಮೂಡಿಗೆರೆ, ಬೇಲೂರು, ಸಕಲೇಶಪುರ ಕಡೆಯವರಿಗೆ: ಚೇಂಬರ್ ಸದ್ದಿನಲ್ಲಿ ಪಕ್ಕದ ತೋಟದಲ್ಲಿ ಕೊಂಬೆ ಮುರಿಯುವ ಸದ್ದು ಕೇಳುವುದಿಲ್ಲ. ಆನೆ ಓಡಾಡುವ ಹೊತ್ತಿಗೆ ಮಣ್ಣು ರಸ್ತೆಯಲ್ಲಿ ಪ್ರಾಕ್ಟೀಸ್ ಮಾಡಬೇಡಿ.

ಆಲ್ದೂರಿನ ಹುಡುಗನ ಪೈಪ್ ಮುಗಿದದ್ದು ಒಂಬತ್ತನೇ ದಿನ. ಹೊಳಪಿಲ್ಲ, ವೆಲ್ಡಿಂಗ್ ಗೆರೆ ಎಲ್ಲಾ ಎದ್ದು ಕಾಣುತ್ತವೆ. ಮುಖ ಸಣ್ಣ ಮಾಡಿಕೊಂಡೇ ಕಿಕ್ ಹೊಡೆದ. ಅವರ ತೋಟದ ಕಾಫಿ ಕಣದಲ್ಲಿ ಎರಡು ಸುತ್ತು, ಆಮೇಲೆ ಗೋಡೌನ್ ಹಿಂದಿನ ಏರು. ಸೆಕೆಂಡ್ ಗೇರಿನಲ್ಲೇ ಹತ್ತಿ ವಾಪಸ್ ಬಂದ. ತೋಟದ ಲೆಕ್ಕ ಬರೆಯುವ ರೈಟ್ರು ಹೊರಗೆ ಬಂದು, ಒಣಗಲು ಹಾಕಿದ ಕಾಫಿ ಮೇಲೆ ಧೂಳು ಎಬ್ಬಿಸಿದ್ದಕ್ಕೆ ಇಬ್ಬರಿಗೂ ಬೈದರು. ಹುಡುಗನಿಗೆ ಕೇಳಿಸಲಿಲ್ಲ, ಪ್ಲಗ್ ಬಿಚ್ಚುತ್ತಿದ್ದ. ಇನ್ನೂ ಸ್ವಲ್ಪ ಕಪ್ಪಗಿತ್ತು. ಒಂದು ಸೈಜ್ ಜೆಟ್ ಇಳಿಸಿದೆವು. ಕೆಳಗಿನ ಊರಿನ ಜೆಟ್ಟನ್ನು ಕಂಬಿಯಲ್ಲಿ ಪೋಣಿಸಿ ಅವನ ಗಾಡಿ ಕೀ ಜೊತೆಗೇ ಕಟ್ಟಿಕೊಟ್ಟೆ.